ಬೋಶಿನ್ ಯುದ್ಧದ ಚಿನ್ನ ಮತ್ತು ನಮ್ಮ ಒರೆಗಲ್ಲು

ಬಳಗದ ಮಿತ್ರರು ನಮ್ಮ ಮನೆಗೆ ಬಂದರೆ ಕಾಫಿ ಮುಗಿಯುವ ಮೊದಲೇ ಒಂದು ಪ್ರಶ್ನೆ ಬಂದೇ ಬರುತ್ತದೆ: "ಅಲ್ಲಾ, ನೀವು ಚಿನ್ನದ ನಾಣ್ಯ ಕೂಡಿಸ್ತೀರಂತೆ, ಎಷ್ಟು ತೊಲ ಆಗಿರಬಹುದು?" ನಾವು ನಗುತ್ತಾ ಆಲ್ಬಂ ತೆಗೆದು ಮುಂದಿಡುತ್ತೇವೆ. ನೋಡಿದವರ ಮುಖ ಸಪ್ಪಗಾಗುತ್ತದೆ! ಎರಡು ಸೆಂಟಿಮೀಟರ್ ಉದ್ದದ, ಒಂದು ಸೆಂಟಿಮೀಟರಿಗಿಂತ ಚೂರು ಹೆಚ್ಚು ಅಗಲದ, ಚಿಕ್ಕ ಬಿಸ್ಕತ್ತಿನಂಥ ಹದಿನಾರು ಬಿಲ್ಲೆಗಳು. ಒಂದೊಂದರ ತೂಕ 3 ಗ್ರಾಂ. "22 ಕ್ಯಾರೆಟ್ಟೋ?" ಎಂದು ಕೇಳಿದವರಿಗೆ ನಮ್ಮ ಉತ್ತರ, "ಅಲ್ಲ, 22 ಪರ್ಸೆಂಟು." ಮಿಕ್ಕಿದ್ದೆಲ್ಲ ಬೆಳ್ಳಿ. ಹದಿನಾರನ್ನೂ ಕರಗಿಸಿದರೆ ಸಿಗುವ ಅಪ್ಪಟ ಚಿನ್ನ ಒಂದು ತೊಲಕ್ಕೂ ಕಡಿಮೆ. ಮಗಳ ಮದುವೆಗೆ ಒಂದು ಜೊತೆ ಓಲೆಯೂ ಆಗಲಾರದು.

"ಹಾಗಾದರೆ ಇದನ್ನೇಕೆ ಕೂಡಿಸುತ್ತೀರಿ?" ಎಂಬುದು ಎರಡನೆಯ ಪ್ರಶ್ನೆ. ಇದಕ್ಕೆ ಉತ್ತರ ಒಂದು ಲೋಟ ಕಾಫಿಯಲ್ಲಿ ಮುಗಿಯುವುದಿಲ್ಲ. ಸಂಪಾದಕರು ಈ ಸಲ ಏನಾದರೂ ಬರೆದುಕೊಡಲೇಬೇಕೆಂದು ಬೆನ್ನು ಹತ್ತಿದ್ದರಿಂದ ಆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇವೆ. ಓದುಗರು ಬೇಸರಿಸದೆ ಓದಬೇಕೆಂದು ಕೋರಿಕೆ.

ಮೊದಲಿಗೆ ಹಳೆಯ ಜಪಾನಿನ ಲೆಕ್ಕವನ್ನು ಸ್ವಲ್ಪ ತಿಳಿಯಬೇಕು. ನಮ್ಮ ಅಜ್ಜಂದಿರಿಗೆ ಇದು ಒಂದು ನಿಮಿಷದಲ್ಲಿ ಅರ್ಥವಾಗುತ್ತಿತ್ತು. ಒಂದು ರೂಪಾಯಿಗೆ ಹದಿನಾರು ಆಣೆ ಇದ್ದ ಹಾಗೆ, ಇಲ್ಲಿ ಒಂದು 'ರ್ಯೋ'ಗೆ ನಾಲ್ಕು 'ಬು', ಒಂದು ಬುವಿಗೆ ನಾಲ್ಕು 'ಶು'. ಅಂದರೆ ರ್ಯೋಗೆ ಹದಿನಾರು ಶು. ಎಂಟಾಣೆ, ನಾಲ್ಕಾಣೆ, ಒಂದಾಣೆ ಎಲ್ಲವೂ ಇಲ್ಲಿ ಬೇರೆ ಹೆಸರಿನಲ್ಲಿ ಇದ್ದವು! ಒಂದು ರ್ಯೋ ಬೆಲೆಯ ಮೊಟ್ಟೆಯಾಕಾರದ ತೆಳು ಚಿನ್ನದ ತಗಡೇ 'ಕೊಬಾನ್'. ಅಂಗಡಿಗಳ ಮುಂದೆ ಕೈಯೆತ್ತಿ ಕರೆಯುವ ಬೆಕ್ಕಿನ ಗೊಂಬೆ ಹಿಡಿದಿರುತ್ತದಲ್ಲ, ಅದೇ. 'ಬೆಕ್ಕಿಗೆ ಕೊಬಾನ್ ಕೊಟ್ಟ ಹಾಗೆ' ಎಂಬ ಗಾದೆ ಇಲ್ಲಿದೆ. ಕತ್ತೆಗೇನು ಗೊತ್ತು ಕಸ್ತೂರಿಯ ಪರಿಮಳ ಎಂದು ನಾವು ಹೇಳುವಂತೆಯೇ. ನಮ್ಮ ಆಲ್ಬಮಿನ ಬಿಲ್ಲೆಗಳು 'ನಿಬುಕಿನ್', ಅಂದರೆ ಎರಡು ಬುವಿನ ಚಿನ್ನ. ನಮ್ಮ ಲೆಕ್ಕದಲ್ಲಿ ಎಂಟಾಣೆ.

ಜಪಾನಿನಲ್ಲಿ ಅಂತರ್ಯುದ್ಧಕ್ಕೂ ಚಿನ್ನದ ನಾಣ್ಯಕ್ಕೂ ಹಳೆಯ ನಂಟು. ಹದಿನಾರನೆಯ ಶತಮಾನದಲ್ಲಿ ಪಾಳೆಯಗಾರರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದ ಕಾಲದಲ್ಲಿ ಕಾಯ್ ಪ್ರಾಂತದ ತಕೇದಾ ಮನೆತನ ತನ್ನ ಗಣಿಗಳ ಚಿನ್ನದಿಂದ ನಾಣ್ಯ ಹೊಡೆಸಿತು. ಇಡೀ ದೇಶವನ್ನು ಒಗ್ಗೂಡಿಸಿದ ತೊಯೊತೊಮಿ ಹಿದೆಯೊಶಿ 1588ರಲ್ಲಿ ಹೊರಡಿಸಿದ 'ತೆನ್‌ಶೋ ಓಬಾನ್' ಒಂದರ ತೂಕವೇ ಸುಮಾರು 165 ಗ್ರಾಂ! ಅದರ ಮೇಲೆ ಗೋತೋ ಮನೆತನದ ಅಕ್ಕಸಾಲಿಗರು ಕುಂಚದಿಂದ ಕಪ್ಪು ಮಸಿಯಲ್ಲಿ ರುಜು ಹಾಕುತ್ತಿದ್ದರು. ಮಸಿ ಅಳಿಸಿದರೆ ದುಡ್ಡು ಕೊಟ್ಟು ಮತ್ತೆ ಬರೆಸಿಕೊಳ್ಳಬೇಕಿತ್ತಂತೆ. ಇಂಥದ್ದನ್ನು ಮ್ಯೂಸಿಯಮ್ಮಿನ ಗಾಜಿನಾಚೆ ನೋಡಿ ಕೈಮುಗಿಯಬೇಕೇ ಹೊರತು ಸಂಬಳದ ಮೇಲೆ ಬದುಕುವ ನಮ್ಮಂಥವರು ಕೊಳ್ಳುವುದಲ್ಲ. ನಮ್ಮ ಜೇಬಿಗೆ ಎಟುಕಿದ್ದು ಜಪಾನಿನ ದೊಡ್ಡ ಅಂತರ್ಯುದ್ಧಗಳಲ್ಲಿ ಈಚಿನದೊಂದಾದ ಬೋಶಿನ್ ಯುದ್ಧದ ಚಿನ್ನ.

ಆ ಯುದ್ಧಕ್ಕೆ ಮುಂಚಿನ ಹತ್ತು ವರ್ಷದ ಕಥೆಯನ್ನು ಚುಟುಕಾಗಿ ಹೇಳಬೇಕು. 1859ರಲ್ಲಿ ಯೊಕೊಹಾಮಾ ಬಂದರು ವಿದೇಶಿ ವ್ಯಾಪಾರಕ್ಕೆ ತೆರೆಯಿತು. ಆಗ ಹೊರಗಿನ ಲೋಕದಲ್ಲಿ ಒಂದು ತೂಕ ಚಿನ್ನಕ್ಕೆ ಸುಮಾರು ಹದಿನೈದು ತೂಕ ಬೆಳ್ಳಿ. ಜಪಾನಿನ ಒಳಗೆ ಕೇವಲ ಐದು ತೂಕದ ಆಸುಪಾಸು. ವಿದೇಶಿ ವರ್ತಕರು ಬಿಡುತ್ತಾರೆಯೇ? ಮೆಕ್ಸಿಕೋದ ಬೆಳ್ಳಿ ಡಾಲರ್ ತಂದು ಕೊಬಾನ್ ಕೊಂಡು ಹಡಗು ಹತ್ತಿದರು. ಒಂದಕ್ಕೆ ಮೂರು! ಕಂಗಾಲಾದ ಶೋಗುನರ ಸರ್ಕಾರ 1860ರಲ್ಲಿ ಕೊಬಾನನ್ನೇ ಕುಗ್ಗಿಸಿತು. 1601ರ ಕೊಬಾನ್ ಸುಮಾರು 18 ಗ್ರಾಂ ತೂಗುತ್ತಿತ್ತು, 1860ರದ್ದು 3.3 ಗ್ರಾಂ. ಜನ ಅದನ್ನು 'ಗೊಂಬೆ ಕೊಬಾನ್' ಎಂದು ಕರೆದರು. ಅದೇ ವರ್ಷ ಹೊಸ ನಿಬುಕಿನ್ ಕೂಡ ಬಂತು. ನಾವು ಲೆಕ್ಕ ಹಾಕಿ ನೋಡಿದೆವು: ಗೊಂಬೆ ಕೊಬಾನಿನಲ್ಲಿ ಸುಮಾರು 1.9 ಗ್ರಾಂ ಚಿನ್ನ. ಅದೇ ಬೆಲೆಯ ಎರಡು ನಿಬುಕಿನ್ ಸೇರಿದರೆ 1.3 ಗ್ರಾಂ ಮಾತ್ರ. ಹೀಗಿದ್ದರೆ ಯಾರಾದರೂ ಕೊಬಾನ್ ಖರ್ಚು ಮಾಡುತ್ತಾರೆಯೇ? ಒಳ್ಳೆಯದು ಪೆಟ್ಟಿಗೆ ಸೇರಿತು, ಕಳಪೆಯದು ಸಂತೆಯಲ್ಲಿ ಓಡಾಡಿತು.

ಬಣ್ಣದಲ್ಲಿ ಮಾತ್ರ ನಿಬುಕಿನ್ ಯಾರಿಗೂ ಸೋಲುವುದಿಲ್ಲ. ನೂರಕ್ಕೆ ಎಪ್ಪತ್ತೆಂಟು ಭಾಗ ಬೆಳ್ಳಿಯಿದ್ದರೂ ಹಳದಿ ಹಳದಿ! ಇದು ಲೇಪವಲ್ಲ. ನಾಣ್ಯಕ್ಕೆ ಔಷಧಿ ಬಳಿದು ಕೆಂಡದಲ್ಲಿ ಕಾಯಿಸಿ ಮೇಲ್ಮೈಯ ಬೆಳ್ಳಿಯನ್ನಷ್ಟೇ ತೆಗೆದುಬಿಡುತ್ತಿದ್ದರು. ಹೊರಗೆ ಚಿನ್ನ ಮಾತ್ರ ಉಳಿಯುತ್ತಿತ್ತು. ಇದಕ್ಕೆ 'ಬಣ್ಣ ಏರಿಸುವುದು' ಎಂದೇ ಹೆಸರು.

1868ರ ಜನವರಿಯಲ್ಲಿ ಕ್ಯೋಟೋದ ದಕ್ಷಿಣಕ್ಕಿರುವ ತೊಬಾ ಮತ್ತು ಫುಶಿಮಿಯಲ್ಲಿ ಯುದ್ಧ ಶುರುವಾಯಿತು. ಒಂದು ಕಡೆ ಚಕ್ರವರ್ತಿಯ ಹೆಸರಿನಲ್ಲಿ ಸತ್ಸುಮಾ, ಚೋಶೂ ಸಂಸ್ಥಾನಗಳು. ಇನ್ನೊಂದು ಕಡೆ ತೊಕುಗಾವಾ ಶೋಗುನರ ಪಕ್ಷ. ನಮ್ಮ ಅರವತ್ತು ಸಂವತ್ಸರಗಳ ಹಾಗೆ ಇಲ್ಲಿಯೂ ಅರವತ್ತು ವರ್ಷಗಳ ಚಕ್ರವಿದೆ. ಆ ವರ್ಷದ ಹೆಸರು 'ಬೋಶಿನ್'. ಮೇ ತಿಂಗಳಲ್ಲಿ ಎದೋ ಕೋಟೆ, ಅಂದರೆ ಇಂದಿನ ಟೋಕಿಯೋದ ಅರಮನೆ, ಯುದ್ಧವಿಲ್ಲದೆ ಕೈಬದಲಾಯಿತು. ನವೆಂಬರಿನಲ್ಲಿ ಉತ್ತರದ ಐಜು ಕೋಟೆ ಶರಣಾಯಿತು. 1869ರ ಜೂನಿನಲ್ಲಿ ಹಕೊದಾತೆಯಲ್ಲಿ ಕೊನೆಯ ಪಡೆಯೂ ಆಯುಧ ಕೆಳಗಿಟ್ಟಿತು.

ಯುದ್ಧವೆಂದರೆ ದುಡ್ಡು. ಬಂದೂಕು, ಹಡಗು ಮಾರುವ ವಿದೇಶಿ ವರ್ತಕ ಸಾಲ ಹೇಳಿದರೆ ಕೇಳುವುದಿಲ್ಲ. ಹೊಸ ಸರ್ಕಾರದ ಬೊಕ್ಕಸವೋ ಖಾಲಿ. ಎದೋ ಕೈಗೆ ಬಂದ ಕೂಡಲೇ ಅದು ಅಲ್ಲಿನ ಚಿನ್ನದ ಟಂಕಸಾಲೆಯನ್ನೂ ಬೆಳ್ಳಿಯ ಟಂಕಸಾಲೆಯನ್ನೂ ವಶಪಡಿಸಿಕೊಂಡು ನಿಬುಕಿನ್ ಹೊಡೆಸತೊಡಗಿತು. ತಮಾಷೆ ಎಂದರೆ ನಾಣ್ಯದ ರೂಪ ಒಂದಿಷ್ಟೂ ಬದಲಾಗಲಿಲ್ಲ. ಮುಂದೆ ಅದೇ ಕಿರಿ ಹೂವು, ಹಿಂದೆ ಅದೇ 'ಮಿತ್ಸುತ್ಸುಗು' ಎಂಬ ಹೆಸರು. ಈ ಗೋತೋ ಮಿತ್ಸುತ್ಸುಗು ಯಾರು? ಮೊದಲ ಶೋಗುನ್ ಇಎಯಾಸುವಿನ ಟಂಕಸಾಲೆಯ ಯಜಮಾನ, 1625ರಲ್ಲೇ ತೀರಿಕೊಂಡವರು! ಶೋಗುನರನ್ನು ಇಳಿಸಿದ ಸರ್ಕಾರ ಶೋಗುನರ ನಾಣ್ಯವನ್ನೇ ಹೊಡೆಯಿತು, ಏಕೆಂದರೆ ಜನ ನಂಬುತ್ತಿದ್ದುದು ಆ ಮುದ್ರೆಯನ್ನು. ನಮಗೆ ಇದು ಹೊಸದಲ್ಲ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಅಲ್ಲಿನ ವರಾಹದ ಮೇಲಿದ್ದ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಯಲ್ಲಿ ಪರ್ಸಿಯನ್ ಲಿಪಿಯ ತನ್ನ ಹೆಸರಿನ ಮೊದಲಕ್ಷರವನ್ನಷ್ಟೇ ಹಾಕಿಸಿದನಲ್ಲವೇ? ರಾಜ ಬದಲಾದರೂ ಸಂತೆಯ ನಂಬಿಕೆಯನ್ನು ಕೆಣಕಬಾರದು ಎಂಬುದು ಗೆದ್ದವರಿಗೆಲ್ಲ ಗೊತ್ತು.

ಅಮೆರಿಕದಲ್ಲೂ ಇಂಥದ್ದೇ ಕಥೆ. 1861ರಲ್ಲಿ ಜಾರ್ಜಿಯಾದ ಡಾಲೋನೆಗಾ ಟಂಕಸಾಲೆ ದಕ್ಷಿಣದವರ ಕೈಗೆ ಹೋದಾಗ ಅವರು ಇದ್ದ ಅಚ್ಚಿನಿಂದಲೇ ಒಂದಿಷ್ಟು ಒಂದು ಡಾಲರಿನ ಚಿನ್ನದ ನಾಣ್ಯ ಹೊಡೆದರು. ಇಂದು ಅವು ಅಲ್ಲಿನ ಸಂಗ್ರಾಹಕರ ಕಣ್ಮಣಿ. ಆದರೆ ಅವು ಒಳ್ಳೆಯ ಚಿನ್ನದವು. ಬೋಶಿನ್ ಯುದ್ಧದ ಕಥೆ ಅಷ್ಟು ಚೊಕ್ಕಟವಲ್ಲ.

ಸರ್ಕಾರವೇ ನೂರಕ್ಕೆ ಇಪ್ಪತ್ತೆರಡರ ಚಿನ್ನ ಹೊಡೆಯುವಾಗ ಸಂಸ್ಥಾನಗಳು ಸುಮ್ಮನಿರುತ್ತವೆಯೇ? ಅವೂ ಗುಟ್ಟಾಗಿ ನಿಬುಕಿನ್ ಮಾಡಿದವು. ಗೆದ್ದ ಸತ್ಸುಮಾ ಮಾಡಿತು, ಸೋತ ಐಜು ಮಾಡಿತು. ಬೆಳ್ಳಿಯ ಬಿಲ್ಲೆಗೆ ಚಿನ್ನದ ಲೇಪ ಕೊಟ್ಟದ್ದು ಕೆಲವು, ಇನ್ನೂ ಕೀಳಾದವು ಬರೀ ಹಿತ್ತಾಳೆ. ಬಿಳಿಯ ಧ್ವಜದವರು, ಕರಿಯ ಧ್ವಜದವರು ಎಂದು ನಾವು ಸಿನಿಮಾದಲ್ಲಿ ನೋಡುವ ಹಾಗೆ ಈ ವಿಷಯದಲ್ಲಿ ಪಕ್ಷ ಕಟ್ಟಲಾಗುವುದಿಲ್ಲ!

ಈಗ ಹವ್ಯಾಸದ ವಿಷಯ. ಸರ್ಕಾರಿ ನಿಬುಕಿನ್ ಅಪರೂಪದ್ದೇನಲ್ಲ. ನಾವು ಶುರು ಮಾಡಿದಾಗ ಹತ್ತು ಸಾವಿರ ಯೆನ್ ಆಸುಪಾಸಿನಲ್ಲಿ ಸಿಗುತ್ತಿತ್ತು. 1860ರ ಶೋಗುನರದ್ದಕ್ಕೂ 1868ರ ಹೊಸ ಸರ್ಕಾರದ್ದಕ್ಕೂ ಇರುವ ವ್ಯತ್ಯಾಸ ಅಕ್ಷರದ ಒಂದೆರಡು ಗೀಟಿನಲ್ಲಿ ಅಡಗಿದೆ. ಅದನ್ನು ಭೂತಗನ್ನಡಿಯಲ್ಲಿ ಹುಡುಕುವುದೇ ಒಂದು ಸುಖ. ಅಪರೂಪದ್ದು ಎಂದರೆ ಇಂಥ ಸಂಸ್ಥಾನದ್ದೇ ಎಂದು ಖಚಿತವಾಗಿ ಹೇಳಬಲ್ಲ ಯುದ್ಧಕಾಲದ ನಾಣ್ಯ. ಅಂದು ಮೋಸವೆಂದು ಬಿಸಾಡಿದ್ದಕ್ಕೆ ಇಂದು ಅಸಲಿಗಿಂತ ಹೆಚ್ಚು ಬೆಲೆ! ನಮ್ಮೂರ ಅಕ್ಕಸಾಲಿಗರಂತೆ ಒರೆಗಲ್ಲಿಗೆ ಉಜ್ಜುವ ಹಾಗಿಲ್ಲ. ಉಜ್ಜಿದರೆ ಬಣ್ಣ ಏರಿಸಿದ ಪದರವಷ್ಟೇ ಕಲ್ಲಿಗೆ ಹತ್ತುತ್ತದೆ, ನಾಣ್ಯವೂ ಕೆಡುತ್ತದೆ. ಅದರ ಬದಲು ಸಣ್ಣ ತಕ್ಕಡಿಯಲ್ಲಿ ಒಮ್ಮೆ ಗಾಳಿಯಲ್ಲಿ, ಒಮ್ಮೆ ನೀರಿನಲ್ಲಿ ತೂಗಿ ಸಾಂದ್ರತೆ ನೋಡಬಹುದು. ಸರ್ಕಾರಿ ನಿಬುಕಿನ್ ಹನ್ನೊಂದೂವರೆಯ ಹತ್ತಿರ ಬರಬೇಕು. ಬೆಳ್ಳಿಯ ಬಿಲ್ಲೆಯಾದರೆ ಹತ್ತೂವರೆ. ಹಿತ್ತಾಳೆಯಾದರೆ ಎಂಟೂವರೆಯ ಸುತ್ತಮುತ್ತ. ಹೆಚ್ಚು ಬೆಲೆಯದಾದರೆ ನಾಣ್ಯ ವರ್ತಕರ ಸಹಕಾರ ಸಂಘದ ಪರೀಕ್ಷಾ ಪತ್ರ ಇಲ್ಲದೆ ಕೈ ಹಾಕಬಾರದು. ಹೊಸದಾಗಿ ಶುರು ಮಾಡುವವರಿಗೆ ಇದು ನಮ್ಮ ಕಿವಿಮಾತು.

ಇಷ್ಟು ವರ್ಷ ನಮಗೆ ಇದು ಭೂತಗನ್ನಡಿ, ತಕ್ಕಡಿಯ ಆಟವಾಗಿಯೇ ಇತ್ತು. ಬದಲಾದದ್ದು ಉದ್ಯೋಗದ ನಿಮಿತ್ತ ನಾಗಾನೊ ಪ್ರಾಂತದ ಉವೆದಾ ಊರಿನಲ್ಲಿ ಮೂರು ವರ್ಷ ಇದ್ದಾಗ. ಉವೆದಾ ಎಂದರೆ ರೇಷ್ಮೆಯ ಊರು; ಜಪಾನಿನ ರಾಮನಗರ, ಶಿಡ್ಲಘಟ್ಟ ಎನ್ನಿ. ಅಲ್ಲಿ 1910ರಲ್ಲಿ ಶುರುವಾದ ರೇಷ್ಮೆ ಕಾಲೇಜೇ ಇಂದು ಶಿನ್ಶೂ ವಿಶ್ವವಿದ್ಯಾಲಯದ ಜವಳಿ ವಿಭಾಗ. 1990ರ ದಶಕದಲ್ಲಿ ಜಪಾನಿನ ತಜ್ಞರು ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯ ಜೊತೆ ಕೂಡಿ ದ್ವಿತಳಿ ರೇಷ್ಮೆಗಾಗಿ ದುಡಿದದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಬೋಶಿನ್ ಯುದ್ಧದ ಕಾಲದಲ್ಲಿ ಯುರೋಪಿನ ರೇಷ್ಮೆ ಹುಳುಗಳಿಗೆ ರೋಗ ಬಿದ್ದಿತ್ತು. ಇಟಲಿ, ಫ್ರಾನ್ಸಿನ ವರ್ತಕರು ರೋಗವಿಲ್ಲದ ಮೊಟ್ಟೆಗಾಗಿ ಯೊಕೊಹಾಮಾಕ್ಕೆ ಬರುತ್ತಿದ್ದರು. ಮೊಟ್ಟೆ ಅಂಟಿಸಿದ ಕಾಗದದ ಹಾಳೆಗಳಿಗೆ ಚಿನ್ನದ ಬೆಲೆ! ಆ ಹಾಳೆ ಮಾಡುತ್ತಿದ್ದವರು ಈ ನಾಗಾನೊ ಕಡೆಯ, ಆಗಿನ ಶಿನಾನೋ ಸೀಮೆಯ ರೈತರು. ಮಧ್ಯವರ್ತಿಗಳು ಹಳ್ಳಿ ಹಳ್ಳಿಗೆ ಬಂದು ಹಾಳೆಯನ್ನೂ ನೂಲನ್ನೂ ಕೊಂಡು ನಿಬುಕಿನ್ ಎಣಿಸಿ ಹೋದರು. ಎಣಿಸಿದ್ದರಲ್ಲಿ ಎಷ್ಟೋ ಖೋಟಾ. ರೈತ ಅದನ್ನು ಹಿಡಿದು ಅಕ್ಕಿ ಕೊಳ್ಳಲು ಹೋದರೆ ಅಂಗಡಿಯವನು ಮುಟ್ಟಲಿಲ್ಲ. 1869ರ ಬೇಸಿಗೆಯಲ್ಲಿ ಇಇದಾದಲ್ಲಿ, ನಂತರ ಉವೆದಾದಲ್ಲಿ ರೈತರು ದಂಗೆ ಎದ್ದರು. ಉವೆದಾದ ಕೋಟೆಪೇಟೆಯ ಮನೆಗಳಿಗೆ ಬೆಂಕಿ ಬಿತ್ತು.

ಅದೇ 1869ರಲ್ಲಿ ಟೋಕಿಯೋದ ತಕಾನವಾದಲ್ಲಿ ಒಂದು ಮಾತುಕತೆ ನಡೆಯಿತು. 2020ರಲ್ಲಿ ತೆರೆದ ತಕಾನವಾ ಗೇಟ್‌ವೇ ಸ್ಟೇಷನ್ ಇದೆಯಲ್ಲ, ಆ ಪ್ರದೇಶ. ಬ್ರಿಟನ್ನಿನ ರಾಯಭಾರಿ ಹ್ಯಾರಿ ಪಾರ್ಕ್ಸ್ ಮೊದಲಾದವರು, ತಮ್ಮ ವರ್ತಕರ ಕೈಯಲ್ಲಿರುವ ಖೋಟಾ ನಿಬುಕಿನ್‌ಗೆ ಏನು ಮಾಡುತ್ತೀರಿ ಎಂದು ಮೇಜು ಕುಟ್ಟಿದರು. ವಿದೇಶಿಯರ ಕೈಯಲ್ಲಿದ್ದದ್ದಕ್ಕೆ ಪೂರ್ತಿ ಬೆಲೆ ಕೊಡಲು ಸರ್ಕಾರ ಒಪ್ಪಿತು. ಸ್ವದೇಶದ ಜನರಿಗೆ? ಬೆಳ್ಳಿಯ ಬಿಲ್ಲೆಯ ಖೋಟಾ ನೂರು ರ್ಯೋ ತಂದರೆ ಮೂವತ್ತು ರ್ಯೋ, ಅದೂ ಆಗಲೇ ಬೆಲೆ ಇಳಿಯುತ್ತಿದ್ದ ಕಾಗದದ ನೋಟಿನಲ್ಲಿ.

ನೂರಕ್ಕೆ ನೂರು ವಿದೇಶಿಯರಿಗೆ, ನೂರಕ್ಕೆ ಮೂವತ್ತು ರೈತನಿಗೆ. ಈ ಎರಡು ಅಂಕಿಗಳನ್ನು ಓದಿದ ರಾತ್ರಿ ನಮಗೆ ಆಲ್ಬಂ ತೆರೆಯುವ ಮನಸ್ಸಾಗಲಿಲ್ಲ.

ಉವೆದಾದಲ್ಲಿ ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದರು. ನಮ್ಮ ಮನೆಯ ಒಗ್ಗರಣೆಯ ಘಾಟಿಗೆ ಸೀನಿಕೊಂಡೇ ಬಂದು ತಮ್ಮ ಹಿತ್ತಿಲ ಮೂಲಂಗಿ ಕೊಟ್ಟು ಹೋಗುವರು. ಒಂದು ಚಳಿಗಾಲ ಕೊತಾತ್ಸು ಮೇಜಿನ ಕೆಳಗೆ ಕಾಲು ಚಾಚಿ ಕುಳಿತಾಗ ನಮ್ಮ ಹವ್ಯಾಸದ ಮಾತು ಬಂತು. ಅಜ್ಜಿ ಎದ್ದು ಹೋಗಿ ಒಂದು ಹಳೆಯ ಟೀ ಡಬ್ಬ ತಂದರು. ಒಳಗೆ ಹತ್ತಿಬಟ್ಟೆಯಲ್ಲಿ ಏಳು ನಿಬುಕಿನ್. ಮೂಲೆಗಳಲ್ಲಿ ಹಳದಿ ಸವೆದು ಒಳಗಿನ ಬಿಳುಪು ಕಾಣುತ್ತಿತ್ತು. ನೀರಿನಲ್ಲಿ ತೂಗಬೇಕಾದ್ದೇ ಇರಲಿಲ್ಲ.

ಅವರ ಅಜ್ಜನ ಅಜ್ಜ ಒಂದು ಬೇಸಿಗೆಯ ಮೊಟ್ಟೆ ಹಾಳೆಯನ್ನೆಲ್ಲ ಮಾರಿ ಪಡೆದ ಹಣವಂತೆ ಅದು. ಬದಲಾಯಿಸುವ ಆಜ್ಞೆ ಬಂದಾಗ ಮಿಕ್ಕದ್ದನ್ನು ಕೊಟ್ಟು ಏಳನ್ನು ಇಟ್ಟುಕೊಂಡರಂತೆ. ಮನೆಯ ಮಕ್ಕಳಿಗೆ ಹತ್ತು ವರ್ಷ ತುಂಬಿದಾಗ ಡಬ್ಬ ತೆಗೆದು ತೋರಿಸುವುದು ಪದ್ಧತಿ. "ಇದು ಹಣ ಅಲ್ಲ, ಇದು ರಸೀತಿ" ಎಂದರು ಅಜ್ಜಿ. "ಒಂದು ವರ್ಷದ ದುಡಿಮೆಗೆ ನಮಗೆ ಸಿಕ್ಕಿದ ರಸೀತಿ." ಹಳೆ ಸಾಮಾನಿನವರು ಎರಡು ಮೂರು ಸಲ ಕೇಳಿದ್ದರಂತೆ, ಕೊಟ್ಟಿರಲಿಲ್ಲ.

ನಾವು ಟೋಕಿಯೋಗೆ ವಾಪಸು ಹೊರಟ ದಿನ ಅಜ್ಜಿ ಒಂದು ಚಿಕ್ಕ ಪೊಟ್ಟಣ ನಮ್ಮ ಮಗಳ ಕೈಗೆ ಕೊಟ್ಟರು. ಅವಳಿಗೆ ಆಗ ಹತ್ತು ವರ್ಷ. ಒಳಗೆ ಏಳರಲ್ಲಿ ಒಂದು. ಬೇಡವೆಂದು ನಾವು ಎಷ್ಟು ಹೇಳಿದರೂ ಕೇಳಲಿಲ್ಲ. "ನಿಮ್ಮ ಊರಿನಲ್ಲೂ ರೇಷ್ಮೆ ಬೆಳೆಯುತ್ತಾರೆ ಎಂದಿರಲ್ಲ, ಅಲ್ಲಿಯೂ ಹೇಳಿ" ಎಂದರು ಅಷ್ಟೆ.

ಅದಾದ ಮೇಲೆ ಒಬ್ಬ ಸಂಗ್ರಾಹಕ ಮಿತ್ರರು ಆ ನಾಣ್ಯವನ್ನು ಬಹಳ ಹೊತ್ತು ತಿರುಗಿಸಿ ನೋಡಿ, ಇದರ ಬದಲಿಗೆ ಒಂದು ಒಳ್ಳೆಯ ಗೊಂಬೆ ಕೊಬಾನ್ ಕೊಡುತ್ತೇನೆ ಎಂದರು. ಕೊಬಾನ್ ನಮ್ಮಲ್ಲಿ ಇರಲಿಲ್ಲ, ಇವತ್ತಿಗೂ ಇಲ್ಲ. ಆಸೆಯಾಗದೆ ಇರುತ್ತದೆಯೇ? ಎರಡು ದಿನ ಮನೆಯಲ್ಲಿ ಚರ್ಚೆಯಾಯಿತು. ನಾಣ್ಯ ಅದರ ಬೆಲೆ ತಿಳಿದವರ ಕೈಗೆ ಸೇರಿದರೆ ಒಳ್ಳೆಯದಲ್ಲವೇ ಎಂಬ ವಾದವೂ ಬಂತು. ಮೈಸೂರಿನಿಂದ ಫೋನಿನಲ್ಲಿ ಮಾತಾಡುತ್ತಿದ್ದ ನಮ್ಮ ಅಮ್ಮ ಎಲ್ಲ ಕೇಳಿ, "ಅದರಲ್ಲಿ ಚಿನ್ನ ಎಷ್ಟಿದೆ?" ಎಂದರು. "ಮೇಲಿನ ಬಣ್ಣದಷ್ಟು." "ಹಾಗಾದರೆ ಅವರು ಕೊಟ್ಟಿದ್ದು ಚಿನ್ನವಲ್ಲ. ನೀವು ಅದಕ್ಕೆ ಬದಲಾಗಿ ಚಿನ್ನ ತಗೊಳ್ಳೋದು ಹೇಗೆ?" ಚರ್ಚೆ ಅಲ್ಲಿಗೆ ಮುಗಿಯಿತು.

1871ರಲ್ಲಿ ಓಸಾಕಾದ ಹೊಸ ಟಂಕಸಾಲೆ ಕೆಲಸ ಶುರು ಮಾಡಿತು. ಯಂತ್ರಗಳು ಬಂದದ್ದು ಮುಚ್ಚಿಹೋಗಿದ್ದ ಹಾಂಗ್‌ಕಾಂಗ್ ಟಂಕಸಾಲೆಯಿಂದ. ಒಂದು ರ್ಯೋಗೆ ಒಂದು ಯೆನ್, ಒಂದು ಯೆನ್‌ಗೆ ಒಂದೂವರೆ ಗ್ರಾಂ ಚಿನ್ನ ಎಂದು ಗೊತ್ತುಮಾಡಿದರು. ಹಳೆಯ ನಾಣ್ಯಗಳು ಮೂಸೆಗೆ ಹೋದವು. ನಮ್ಮ ಸಂಬಳದ ಯೆನ್ ಹುಟ್ಟಿದ್ದು ಹೀಗೆ, ಹಾಳಾದ ನಂಬಿಕೆಯನ್ನು ಮತ್ತೆ ಕಟ್ಟುವ ಪ್ರಯತ್ನದಲ್ಲಿ. ಆದ್ದರಿಂದಲೇ ನಮಗೆ ಅನ್ನಿಸುತ್ತದೆ: ಒರೆಗಲ್ಲು ನಾಣ್ಯದ ಚಿನ್ನವನ್ನು ತೋರಿಸೀತು, ಹೊಡೆಸಿದವರ ಮಾತನ್ನು ತೋರಿಸುವುದಿಲ್ಲ. ಅದಕ್ಕೆ ನಾಣ್ಯ ಕೊನೆಗೆ ಯಾರ ಕೈಯಲ್ಲಿ ಉಳಿಯಿತು, ಅವರಿಗೆ ಎಷ್ಟು ಸಿಕ್ಕಿತು ಎಂದು ಕೇಳಬೇಕು. ಯುದ್ಧದಲ್ಲಿ ಗೆದ್ದವರು ಸೋತವರು ಇಬ್ಬರೂ ಖೋಟಾ ಹೊಡೆದರು. ಲೆಕ್ಕ ಚುಕ್ತಾ ಮಾಡಿದವರು ಕತ್ತಿಯನ್ನೇ ಹಿಡಿಯದ ರೈತರು.

ಈಗ ನಮ್ಮ ಆಲ್ಬಮಿನ ಕೊನೆಯ ಪುಟದಲ್ಲಿ ಆ ಹದಿನೇಳನೆಯ ಬಿಲ್ಲೆ ಇದೆ. ಕೆಳಗೆ ಮಗಳು ಕನ್ನಡದಲ್ಲೂ ಜಪಾನಿಯಲ್ಲೂ ಚೀಟಿ ಬರೆದು ಅಂಟಿಸಿದ್ದಾಳೆ: "ಉವೆದಾ, 1869. ನೂರಕ್ಕೆ ಮೂವತ್ತು."

ಆಸಕ್ತಿ ಇರುವವರಿಗೆ ಒಂದು ಸೂಚನೆ. ನಿಹೊಂಬಾಶಿಯಲ್ಲಿ ಬ್ಯಾಂಕ್ ಆಫ್ ಜಪಾನಿನ ಎದುರಿಗೆ ಅವರದೇ ನಾಣ್ಯ ವಸ್ತುಸಂಗ್ರಹಾಲಯವಿದೆ. ಪ್ರವೇಶ ಉಚಿತ, ಸೋಮವಾರ ರಜೆ, ಮಿತ್ಸುಕೋಶಿಮಾಏ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಬ್ಯಾಂಕ್ ನಿಂತಿರುವ ಜಾಗದಲ್ಲೇ ಶೋಗುನರ ಚಿನ್ನದ ಟಂಕಸಾಲೆ ಇತ್ತು. ಬೆಳ್ಳಿಯ ಟಂಕಸಾಲೆ ಇದ್ದ ಜಾಗದ ಹೆಸರು ನಿಮಗೆಲ್ಲ ಗೊತ್ತು, ಗಿಂಜಾ! ಮಕ್ಕಳನ್ನು ಕರೆದುಕೊಂಡು ಹೋಗಿ. ಓಬಾನ್ ನೋಡಿ ಬಾಯಿ ಬಿಟ್ಟ ಮೇಲೆ ನಿಬುಕಿನ್ ಇರುವ ಮೂಲೆಯಲ್ಲೂ ಎರಡು ನಿಮಿಷ ನಿಲ್ಲಿಸಿ. ಮತ್ತೆ ಯಾವಾಗಲಾದರೂ ನಮ್ಮ ಮನೆಗೂ ಬನ್ನಿ. ತೊಲದ ಲೆಕ್ಕದಲ್ಲಿ ನಿರಾಸೆ ಖಂಡಿತ, ಕಾಫಿ ಮಾತ್ರ ಚಿಕ್ಕಮಗಳೂರಿನದೇ.